ಶನಿ ಕಲ್ಲು

ಅಡ್ಯಾರಲ್ಲಿ ನಾನು ಅಡುಗೆ ಮಾಡೋ ಮನೆ ಟೀಚರಮ್ಮ ಕಾಲೇಜಲ್ಲಿ ಕಲ್ಲಿನ ಪಾಠ ಹೇಳೋರು. ಒಂದಿನ ಉಲ್ಕೆ ಬಿದ್ದ ಹೊಂಡದಿಂದ ಮೈತುಂಬ ಗೀರಿರೋ ಚೂಪು ಕಲ್ಲು ತಂದ್ರು. ನನ್ನ ಬಾಯಿ ಸುಮ್ನಿರತ್ತಾ? ಕೆಳಗಿನ ತಮಿಳು ಓನರಮ್ಮಂಗೆ, "ಆಕಾಶದಿಂದ ಬಿದ್ದ ಶನಿ ಕಲ್ಲು ಮನೇಲಿಟ್ಟವ್ರೆ" ಅಂದೆ. ಮಾರನೇ ದಿನ ಓನರಮ್ಮ ಟೀಚರಮ್ಮಂಗೆ ಮನೆ ಖಾಲಿ ಮಾಡಿ ಅಂದ್ರು. ಅವರು ಹೋದ್ರೆ ನನ್ನ ಕೆಲಸಾನೂ ಹೋಗತ್ತೆ ಅಂತ ನಂಗೆ ಹೊಳೆದದ್ದೇ ಆಮೇಲೆ.

ಟೀಚರಮ್ಮ ಬೈಲಿಲ್ಲ, ಭೂತಗನ್ನಡಿ ಕೊಟ್ರು. "ಬಿದ್ದದ್ದು ಇದಲ್ಲ ಕಣೆ. ಇದು ನೆಲದಲ್ಲಿ ತನ್ನ ಪಾಡಿಗೆ ಇದ್ದ ಕಲ್ಲು. ಉಲ್ಕೆ ಬಂದು ಹೊಡೆದ ಪೆಟ್ಟಿನಿಂದ ಹೀಗೆ ಗೀರಾಯ್ತು. ಒಳಗಿನ ಹರಳಲ್ಲೂ ಗೀರಿದೆ."

"ಹೊಡೆದದ್ದು ಎಲ್ಲೋಯ್ತು?"

"ಬಹುಪಾಲು ಹೊಗೆಯಾಗಿ ಹೋಯ್ತು. ಗುರುತು ಉಳಿದದ್ದು ಪೆಟ್ಟು ತಿಂದೋರಿಗೆ," ಅಂತ ನನ್ನೇ ನೋಡಿದ್ರು.

ಕೆಳಗೆ ಹೋಗಿ, "ಅದು ನಮ್ಮ ಭೂಮಿ ಕಲ್ಲೇ, ಶನಿ ಗಿನಿ ಅಂತ ನಾನೇ ಕಥೆ ಕಟ್ಟಿ ಹೇಳ್ದೆ" ಅಂದೆ. ಓನರಮ್ಮ ನಂಬಲಿಲ್ಲ. "ಹಾಗಾದ್ರೆ ಒಂದು ವಾರ ನಿನ್ ಮನೇಲಿಟ್ಕೊ, ಪಾಕ್ಕಲಾಂ, ಏನಾಗತ್ತೋ ನೋಡೋಣ."

ಇಟ್ಕೊಂಡೆ. ಏನೂ ಆಗ್ಲಿಲ್ಲ, ಟೀಚರಮ್ಮ ಉಳ್ಕೊಂಡ್ರು. ನನ್ನ ಗಂಡ ಮಾತ್ರ, "ಏನಾಗತ್ತೆ, ಈ ಮನೇಲಿ ತನಗಿಂತ ದೊಡ್ಡ ಶನಿ ನೋಡಿ ಅದೇ ಹೆದರಿರತ್ತೆ" ಅಂದ.