ಬಿಚ್ಚಲು ಬರುವ ದೀಪ

“ಅದು ಬಿಚ್ಚಾಕ ಬರಂಗಿಲ್ಲ, ಒಗದ್ಬಿಡ್ರಿ.”

ಗುತ್ತಿಗೆದಾರನ ಕಡೆಯವನು ತಿರುಗಿ ಕೂಡ ನೋಡದೆ ಅಂದ ಈ ಮಾತು ಅಂದಾನೆಪ್ಪನಿಗೆ ಇನ್ನೂ ಅರಗಿಲ್ಲ. ಪಂಚಾಯ್ತಿಯ ಹಿತ್ತಲಲ್ಲಿ ಬೀದಿದೀಪಗಳು ಸತ್ತ ಕೋಳಿಗಳ ಹಾಗೆ ರಾಶಿ ಬಿದ್ದಿದ್ದವು. ಒಂದು ಮಳೆಗಾಲ ನೆಟ್ಟಗೆ ಉರಿದಿರಲಿಲ್ಲ. ಹುಡುಕಿದರೂ ಒಂದು ಸ್ಕ್ರೂ ಇಲ್ಲ, ಸುತ್ತಲೂ ಅಂಟು ಹಾಕಿ ಮುಚ್ಚಿದ್ದರು. ಅಂದಾನೆಪ್ಪ ಒಂದನ್ನು ಹೊತ್ತು ತಂದು ಗರಗಸದಿಂದ ಸೀಳಿದ. ಒಳಗೆ ಅಲ್ಯೂಮಿನಿಯಂ ಗಟ್ಟಿ, ಗಾಜು ಗಟ್ಟಿ, ಬೆಳಕು ಕೊಡುವ ತಟ್ಟೆಯೂ ಗಟ್ಟಿ. ಕರೆಂಟನ್ನು ಹದ ಮಾಡುವ ಡ್ರೈವರ್ ಎಂಬ ಅಂಗೈಯಗಲದ ತುಂಡು ಮಾತ್ರ ಸುಟ್ಟಿತ್ತು. ಕೊಂಬು ಮುರಿಯಿತೆಂದು ಎತ್ತನ್ನೇ ಕಸಾಯಿಗೆ ಅಟ್ಟುವ ಜನ ಇವರು ಎಂದು ಅವನು ಇಡೀ ಸಂತೆಗೆ ಕೇಳುವ ಹಾಗೆ ಬೈದ.

ಬೈಯುವುದರಲ್ಲಿ ಅವನ ಹೆಸರು ಮೊದಲಿನಿಂದಲೂ ದೊಡ್ಡದು. ಮುರಗೋಡದ ಬಸ್‌ಸ್ಟ್ಯಾಂಡಿನ ಮಗ್ಗುಲಿಗೆ ಅವನ ರಿಪೇರಿ ಅಂಗಡಿ. ಸಾಲಿ ಅರ್ಧಕ್ಕೆ ಬಿಟ್ಟವನು ಮೋಟಾರು ಸುತ್ತುವುದನ್ನು ಕಲಿತ, ಟ್ಯೂಬ್‌ಲೈಟಿನ ಚೋಕು ಕಟ್ಟುವುದನ್ನು ಕಲಿತ, ಅದರ ಮೇಲೆಯೇ ಮದುವೆಯಾದ, ಮನೆ ಕಟ್ಟಿದ. ಅಂಟಿನ ದೀಪಗಳು ಬಂದ ಮೇಲೆ ಜನ ಹೊಸದನ್ನು ಕೊಂಡು ಅವನ ಅಂಗಡಿಯ ಮುಂದೆಯೇ ಹಾದುಹೋಗತೊಡಗಿದರು. ಹೆಂಡತಿ ಮಂಜುಳಾ ಒಂದು ದಿನ ರೊಟ್ಟಿ ಬಡಿಯುತ್ತಲೇ ಅಂದಳು: “ದಿನಾ ಬಾಗಲಾ ತಗದು ನೊಣಾ ಹೊಡಿಯೂದಕಿಂತ ಯಾರದರ ಹೊಲಕ್ಕ ಹೋಗ್ರಿ. ನೊಣಾ ಅಲ್ಲಿನೂ ಸಿಗತಾವ.”

ಆ ಮಾತಿನ ಉರಿಗೋ ಏನೋ, ಅಂದಾನೆಪ್ಪ ತನ್ನದೇ ಒಂದು ದೀಪ ಮಾಡಿದ. ಸೀಳಿದ ದೀಪಗಳ ತಗಡನ್ನೇ ಬಡಿದು ಮೈ ಮಾಡಿದ. ತಟ್ಟೆ ಬೇರೆ, ಡ್ರೈವರ್ ಬೇರೆ, ಗಾಜು ಬೇರೆ, ಎಲ್ಲಕ್ಕೂ ಕೈಯಿಂದಲೇ ತಿರುವುವ ತಿರುಪು. ಬೇಗ ಸುಡುವ ಡ್ರೈವರಿಗೆ ಏಣಿ ಬೇಡವೆಂದು ಅದನ್ನು ಕಂಬದಲ್ಲಿ ಕೈಗೆಟುಕುವ ಎತ್ತರದಲ್ಲೇ ಇಟ್ಟ. ಕೆಟ್ಟ ತುಂಡನ್ನು ಎಳೆದು ಒಳ್ಳೆಯದನ್ನು ಕೂಡಿಸಿದರೆ ಮುಗಿಯಿತು. ಕೆಟ್ಟದ್ದು ಅಂಗಡಿಗೆ ಬಂದು, ರಿಪೇರಿಯಾಗಿ, ಇನ್ನೊಂದು ದೀಪಕ್ಕೆ ಹೋಗುತ್ತದೆ. ಒಗೆಯುವ ಮಾತೇ ಇಲ್ಲ.

ಅಲ್ಲೇ ಹತ್ತಿರದ ಒಂದು ಊರಿನ ಪಂಚಾಯ್ತಿ ಮೆಂಬರು ವಿರೂಪಾಕ್ಷ ಅದನ್ನು ನೋಡಿ ತನ್ನ ಓಣಿಯನ್ನು ಪರೀಕ್ಷೆಗೆ ಕೊಟ್ಟ.

“ದೀಪಾವಳಿತನಕಾ ನಮ್ಮ ಓಣಿ ನೀ ನೋಡ್ಕೋ. ಛಲೋ ನಡದ್ರ ಇಡೀ ಊರಿನ ದೀಪ ನಿನ್ನ ಕೈಗೆ. ಇಲ್ಲಂದ್ರ ಗುತ್ತಿಗೆದಾರನ್ನ ಕರಸ್ತೇನಿ. ಆಮ್ಯಾಲ ನನ್ನ ಬೈಯಾಂಗಿಲ್ಲ.”

“ಬೈದ್ರ ನನ್ನ ನಾಲಗಿ ಕೊಯ್ರಿ.”

“ಅದನ್ನ ಈಗ ಕೊಯ್ದ್ರೂ ಊರಿಗೆ ಪುಣ್ಯಾ ಬರ್ತದ.”

ಊರು ಸಿಕ್ಕರೆ ಅಂಗಡಿ ಉಳಿಯುತ್ತದೆ, ಇಲ್ಲವಾದರೆ ಬೀಗ. ಅಂದಾನೆಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು.

ದೀಪ ಕೆಟ್ಟಾಗಲೆಲ್ಲ ತಾನು ಮುರಗೋಡದಿಂದ ಓಡಿ ಬರಲಾಗದು ಎಂದು ಒಳ್ಳೆಯ ತುಂಡುಗಳನ್ನು ಒಂದು ಡಬ್ಬಿಯಲ್ಲಿ ತುಂಬಿ ಓಣಿಯ ಬಾಯಲ್ಲಿದ್ದ ಕಾಡವ್ವನ ಮನೆಯಲ್ಲಿ ಇಟ್ಟ. ಮುದುಕಿ ಮನೆ ಬಿಟ್ಟು ಹೋಗುವವಳಲ್ಲ. ನಡುಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಅವಳಿಗೆ ಎಲ್ಲ ಹೇಳಿಕೊಟ್ಟ: ಸ್ವಿಚ್ ಬಂದ್ ಮಾಡುವುದು, ತಿರುಪು ತಿರುವುವುದು, ಎಳೆಯುವುದು.

“ನನ್ನ ಸೊಸಿ ಬಾಯಿ ಬಂದ್ ಮಾಡೋ ಸ್ವಿಚ್ ಇದ್ರ ಅದನ್ನ ಮೊದಲ ತೋರಸೋ ತಮ್ಮಾ,” ಎಂದು ಕಾಡವ್ವ ಡಬ್ಬಿಯನ್ನು ದೇವರ ಜಗಲಿಯ ಮೇಲೆ ಇಟ್ಟುಕೊಂಡಳು.

ಮಳೆಗಾಲ ದಾಟಿತು. ದೀಪ ಆರಿದರೆ ಪಕ್ಕದ ಹಿಟ್ಟಿನ ಗಿರಣಿಯ ಬಸಯ್ಯ ಮರುದಿನ ಮುಂಜಾನೆ ಡಬ್ಬಿ ತಂದು ತುಂಡು ಬದಲಿಸುತ್ತಿದ್ದ, ಕೆಟ್ಟದ್ದನ್ನು ಮುರಗೋಡದ ಬಸ್ಸಿಗೆ ಹಾಕುತ್ತಿದ್ದ. ವಿರೂಪಾಕ್ಷ ಬೇರೆ ಓಣಿಗಳ ಕಂಬ ನೋಡಲು ಅಂದಾನೆಪ್ಪನನ್ನು ಕರೆದ. ಮಂಜುಳಾ ಹೊಲದ ಮಾತು ಬಿಟ್ಟಳು.

ದೀಪಾವಳಿ ಹತ್ತಿರ ಬಂದಾಗ ಓಣಿಯ ಮೂಲೆಯಲ್ಲಿ ಗಟಾರಕ್ಕೆಂದು ನೆಲ ಅಗೆದಿದ್ದರು. ಒಂದು ಮುಚ್ಚಂಜೆ ಅದೇ ಮೂಲೆಯ ದೀಪ ಆರಿತು. ಮುಂಜಾನೆಯವರೆಗೆ ಬಿಡುವ ಹಾಗಿಲ್ಲವೆಂದು ಬಸಯ್ಯ ಕಾಡವ್ವನ ಹೊಸ್ತಿಲಿಗೆ ಬಂದ.

“ಯಕ್ಕಾ, ಆ ಡಬ್ಬಿ ಕೊಡು.”

“ದೀಪಾ ಹಚ್ಚೇನಿ. ಈಗ ಏನೂ ಹೊರಗ ಕೊಡಂಗಿಲ್ಲ.”

“ಅದೇನ ಉಪ್ಪಲ್ಲ, ಹಾಲಲ್ಲ.”

“ದೀಪದ ಜೀವಾನ ಅಲ್ಲೇನೋ ಅದು? ಈ ಹೊತ್ತಿನ್ಯಾಗ ಅದನ್ನ ಕೊಟ್ಟ ಮ್ಯಾಲ ಮನ್ಯಾಗೇನ ಉಳೀತು?”

ಅಂದಾನೆಪ್ಪನ ತಾಯಿಯೂ ಸಂಜೆ ದೀಪ ಹಚ್ಚಿದ ಮೇಲೆ ಸೂಜಿ ಕೂಡ ಹೊರಗೆ ಕೊಟ್ಟವಳಲ್ಲ. ಆ ಮನೆಯಲ್ಲಿ ಬೆಳೆದವನು, ಕತ್ತಲಾದಾಗಲೇ ಬೇಕಾಗುವ ಸಾಮಾನನ್ನು ಒಂದು ಮನೆಯ ಜಗಲಿಗೆ ಏರಿಸಿ ಬಂದಿದ್ದ. ಮಧ್ಯಾಹ್ನದ ಬಿಸಿಲಲ್ಲಿ ಇದು ಹೊಳೆದಿರಲಿಲ್ಲ. ಬಸಯ್ಯ ಫೋನ್ ಮಾಡಿ ಹೇಳಿದಾಗಲೂ ತನ್ನ ತಪ್ಪು ಹೊಳೆಯಲಿಲ್ಲ, ಸಿಟ್ಟು ಬಂತು. ಫೋನನ್ನು ಮುದುಕಿಯ ಕಿವಿಗೆ ಹಿಡಿ ಎಂದ.

“ಏ ಮುದುಕಿ, ನಿನ್ನ ಹಾಳ ಪದ್ಧತಿಗೆ ನನ್ನ ಅನ್ನಕ್ಕ ಮಣ್ಣ ಹಾಕಬ್ಯಾಡ. ನಿನಗ ಡಬ್ಬಿ ಕೊಟ್ಟ ಕೈಗೆ ಹುಳಾ ಬೀಳಲಿ.”

ಬಸಯ್ಯ ಗಿರಣಿಗೆ ಹೋದ. ಸೊಸೆ ಹೊಲದಿಂದ ಇನ್ನೂ ಬಂದಿರಲಿಲ್ಲ. ಇನ್ನೊಬ್ಬರ ಕೈಗೆ ಕೊಟ್ಟರೆ ಮಾತ್ರ ದೋಷ, ತಾನೇ ಒಯ್ದು ಕೂಡಿಸಿದರೆ ಕೊಟ್ಟ ಹಾಗಾಗದು ಎಂದು ಮುದುಕಿ ಲೆಕ್ಕ ಹಾಕಿದಳು. ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಗೋಡೆ ಹಿಡಿದು, ಆರಿದ ದೀಪದ ಕಡೆ ನಡೆದಳು. ಗಟಾರದ ಕುಣಿಗೆ ಬಿದ್ದು ಸೊಂಟ ಮುರಿಯಿತು.

ಗುತ್ತಿಗೆದಾರನಿಗೆ ಇನ್ನೇನು ಬೇಕು. ಕೆಟ್ಟ ದೀಪ ಹಾಕಿ ಮುದುಕಿಯನ್ನು ಕೆಡವಿದರು ಎಂದು ಊರ ತುಂಬ ಹಬ್ಬಿಸಿದ. ಪಂಚಾಯ್ತಿಯವರು ವಿಚಾರಿಸಲು ಕಾಡವ್ವನ ಮನೆಗೆ ಬಂದರು. ಅವಳು ಹೊರಸಿನ ಮೇಲೆ ಬಿದ್ದಿದ್ದಳು. ಅಂದಾನೆಪ್ಪ ಬಾಗಿಲ ಹೊರಗೆ ಗೋಡೆಗೆ ಆತುಕೊಂಡು ನಿಂತಿದ್ದ, ಒಳಗೆ ಕಾಲಿಡುವ ಧೈರ್ಯವಿರಲಿಲ್ಲ.

“ಯವ್ವಾ, ಖರೇ ಹೇಳು,” ವಿರೂಪಾಕ್ಷ ಕೇಳಿದ. “ಮೂಲಿ ದೀಪ ಆರಿತ್ತಿಲ್ಲೋ?”

“ಉರೀತಿತ್ತು. ನನ್ನ ಕಣ್ಣ ಮಂದ ಆಗ್ಯಾವ, ನೋಡದ ಬಿದ್ದೆ. ಅಂವನ ದೀಪಕ್ಕ ಏನೂ ಅನಬ್ಯಾಡ್ರಿ.”

ಬಸಯ್ಯ ತಲೆ ತಗ್ಗಿಸಿದ. ದೀಪ ಆರಿದ್ದು ಇಡೀ ಓಣಿಗೆ ಗೊತ್ತಿತ್ತು. “ಅರಳುಮರಳು,” ಎಂದು ಯಾರೋ ನಕ್ಕರು. ಕಾಡವ್ವ ಗೋಡೆಯ ಕಡೆ ಮುಖ ತಿರುಗಿಸಿದಳು.

ಅವಳ ಮಾತು ನಡೆಯಲಿಲ್ಲ. ದೀಪಾವಳಿಗೆ ಮೊದಲೇ ಅಂದಾನೆಪ್ಪನ ದೀಪಗಳನ್ನು ಇಳಿಸಿದರು. ಕೈಯಿಂದ ತಿರುವಿದರೆ ಬರುವ ತಿರುಪನ್ನೂ ತಿರುವದೆ, ಸುತ್ತಿಗೆಯಿಂದ ಹೊಡೆದು ಕೆಡವಿದರು. ಅಂಗಡಿಗೆ ಬೀಗ ಬಿತ್ತು. ಈಗ ಅವನು ಬೈಲಹೊಂಗಲದ ಒಂದು ಗುಜರಿಯಲ್ಲಿ ಕೂಲಿ. ಲಾರಿಗಟ್ಟಲೆ ಬಂದು ಬೀಳುವ ಅಂಟಿನ ದೀಪಗಳನ್ನು ಅಲ್ಯೂಮಿನಿಯಮ್ಮಿಗಾಗಿ ಒಡೆಯುತ್ತಾನೆ. ಒಳಗೆ ಏನು ಚೆನ್ನಾಗಿದೆ ಎಂದು ನೋಡುವುದನ್ನೂ ಬಿಟ್ಟಿದ್ದಾನೆ.

ಕಾಡವ್ವ ಮತ್ತೆ ಎದ್ದು ಓಡಾಡಲಿಲ್ಲ. ಅಂದಾನೆಪ್ಪ ಬಾಳೆಹಣ್ಣು ಕಟ್ಟಿಕೊಂಡು ಆ ಓಣಿಯ ಬಾಯಿಯವರೆಗೆ ಹೋಗಿದ್ದಾನೆ, ಅಲ್ಲಿಂದಲೇ ತಿರುಗಿ ಬಂದಿದ್ದಾನೆ. ಯುಗಾದಿ ಹೊತ್ತಿಗೆ ಮುದುಕಿ ತೀರಿಕೊಂಡಳು. ಮಣ್ಣಿಗೆ ಹೋಗಿ ಎಲ್ಲರ ಹಿಂದೆ ನಿಂತ, ಒಂದು ಹಿಡಿ ಮಣ್ಣು ಹಾಕಿ ಬಂದ. ಫೋನಿನಲ್ಲಿ ಅಂದದ್ದನ್ನು ಅವನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ತನಗಾಗಿ ಸುಳ್ಳು ಹೇಳಿ ಅಷ್ಟು ಜನರ ನಗೆಗೆ ಈಡಾದವಳಿಗೆ ಬದುಕಿದ್ದಾಗ ಒಂದು ಒಳ್ಳೆಯ ಮಾತನ್ನೂ ಆಡಿರಲಿಲ್ಲ. ಆ ಋಣ ಅವನ ಮೇಲೆ ಹಾಗೆಯೇ ಉಳಿದಿದೆ.