ಜೋಗಮ್ಮ ಸೋಡಾ ಕುಡಿಯಲಿಲ್ಲ

ಸಿರುಗುಪ್ಪದ ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ, ಮಂಡಕ್ಕಿ ಒಗ್ಗರಣಿ ಮಾರುವ ಜೋಗಮ್ಮನ ಬಂಡಿ ಎತ್ತಿಸಲು ಹೋಗಿ ಸೋತವರು ಬಹಳ ಮಂದಿ. ಐವತ್ತು ದಾಟಿದ್ದರೂ ಅವಳ ದನಿ ಬಸ್ಸಿನ ಹಾರನ್ನಿಗೆ ಜಗ್ಗುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ನೀರಿನ ಕೊಡ ಎತ್ತಿದಾಗೆಲ್ಲ ಎದೆಯ ನಡುವೆ ಕಲ್ಲು ಹೇರಿದಂತಾಗುತ್ತಿತ್ತು. ಕೂತರೆ ಇಳಿಯುತ್ತಿತ್ತು. "ದಿನಾ ಎಣ್ಣಿ ಹೊಗಿ ಕುಡೀತಿ, ಗ್ಯಾಸು," ಎಂದಿದ್ದ ಗಂಡ ಎರ್ರಣ್ಣ. ಅವಳೂ ಹೌದೆಂದು ಗುಳಿಗೆ ನುಂಗಿದ್ದಳು.

ಒಂದು ಬೆಳಿಗ್ಗೆ ಹಿಟ್ಟು ಕಲಸುವಾಗ ಬಂದ ನೋವು ಕೂತರೂ ಇಳಿಯಲಿಲ್ಲ. ಎಡಗೈ ಜಡವಾಯಿತು, ದವಡೆ ಹಿಡಿದುಕೊಂಡಿತು, ಒಲೆಯ ಮುಂದೆಯೂ ತಣ್ಣನೆಯ ಬೆವರು ಕಿತ್ತು ಬಂತು. ಎರ್ರಣ್ಣ ನಿಂಬೆಹಣ್ಣು ಹಿಂಡಿದ ಸೋಡಾ ತಂದ.

ಕುರುಗೋಡಿನಲ್ಲಿದ್ದ ಅವಳ ಅಕ್ಕ ಮಂಜಮ್ಮನಿಗೂ ಹೀಗೇ ಬೆವರಿತ್ತು. ಜೀರಿಗೆ ನೀರು ಕುಡಿಸಿ ಮಲಗಿಸಿದ್ದರು. ಅವಳು ಏಳಲೇ ಇಲ್ಲ.

ಜೋಗಮ್ಮ ಗ್ಲಾಸು ತಳ್ಳಿದಳು. "ಅಕ್ಕಗೂ ಗ್ಯಾಸ್ ಅಂದ್ರಿ, ಮಣ್ಣು ಮಾಡಿ ಬಂದ್ರಿ. ನಾ ಒಲ್ಲೆ. ಆಟೋ ಕರಿ, ದವಾಖಾನಿಗೆ ಹೋಗಾಕ ಬೇಕು!"

ದವಾಖಾನೆಯಲ್ಲಿ ಡಾಕ್ಟರು ಅನಿತಾ ಇಸಿಜಿ ತೆಗೆದರು. "ಇದರಾಗ ಏನೂ ಕಾಣವಲ್ದು," ಎಂದರು. ಎರ್ರಣ್ಣನಿಗೆ ಹೋದ ಜೀವ ಬಂದಂತಾಯಿತು. "ಕೇಳಿದಿಲ್ಲ? ನಡಿ ಮನಿಗೆ."

ಜೋಗಮ್ಮ ಮಂಚದ ಸರಳು ಬಿಗಿಯಾಗಿ ಹಿಡಿದಳು. "ಕಾಗದದಾಗ ಇಲ್ಲಂದ್ರ ಏನಾತು, ನನ್ನ ಎದ್ಯಾಗ ಐತ್ರಿ. ನಾ ಏಳಂಗಿಲ್ಲ."

"ಏಳಬ್ಯಾಡಮ್ಮ, ನಾನೂ ಕಳಸಂಗಿಲ್ಲ," ಎಂದರು ಡಾಕ್ಟರು. "ಮೊದಲನೇ ಸಲ ಕಾಣದಿದ್ರೂ ಹಾರ್ಟಿಂದೇ ಇರಬೌದು. ಮತ್ತೊಮ್ಮೆ ತೆಗಿಯೋಣು."

ಎರಡನೆಯದರಲ್ಲಿ ಕಂಡಿತು. ಗುಳಿಗೆ ಅಗಿಯಲು ಕೊಟ್ಟು, ಆಂಬ್ಯುಲೆನ್ಸಿನಲ್ಲಿ ಬಳ್ಳಾರಿಗೆ ಕಳಿಸಿದರು. ದಾರಿಯುದ್ದಕ್ಕೂ ಎರ್ರಣ್ಣ ಅವಳ ಕೈ ಬಿಡಲಿಲ್ಲ. ಬಳ್ಳಾರಿಯಲ್ಲಿ ಕಟ್ಟಿದ್ದ ರಕ್ತನಾಳ ತೆರೆದು ಸ್ಟೆಂಟ್ ಹಾಕಿದರು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ.

ಮನೆಗೆ ಬಂದ ಮೇಲೆ ಅತ್ತೆ ಉಚ್ಚೆಂಗೆಮ್ಮನ ವರಾತ ಶುರುವಾಯಿತು. "ಹಾರ್ಟಿನಾಕಿ ನೀನು, ಮೂಲ್ಯಾಗ ಸುಮ್ನ ಕುಂದ್ರು." ಡಾಕ್ಟರು ಹೇಳಿದ್ದು ನಡೆಯಲು. ಜೋಗಮ್ಮ ದಿನಾ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಕಾಲುವೆ ದಂಡೆಗೆ ಹೊರಡುತ್ತಾಳೆ.

"ಮಂದಿ ನೋಡ್ತಾರ!"

"ನೋಡ್ಲಿ ಬಿಡತ್ತಿ. ಹೊತ್ಕೊಂಡು ಹೋಗೋದು ನೋಡೋ ಬದ್ಲಿ ನಡ್ಕೊಂಡು ಹೋಗೋದು ನೋಡ್ಲಿ."

ಎರ್ರಣ್ಣ ಅವಳ ಹಿಂದೆ ಏದುತ್ತ ನಡೆಯುತ್ತಾನೆ. ಬೀಡಿ ತೆಗೆದರೆ ಸಾಕು, ಕಸಿದು ಕಾಲುವೆಗೆ ಎಸೆಯುತ್ತಾಳೆ.