ಹತ್ತಿಯಲ್ಲಿಟ್ಟ ಗುಳಿಗೆ

೧೯೭೮ನೇ ಇಸವಿ. ಮುಂಬಯಿಯ ಪೂರ್ವ ಉಪನಗರದ ಒಂದು ಸಾರ್ವಜನಿಕ ಆಸ್ಪತ್ರೆಯಲ್ಲಿ ನಾನು ಫಾರ್ಮಸಿಸ್ಟ್ ಆಗಿದ್ದೆ. ವಯಸ್ಸು ಇಪ್ಪತ್ತೊಂಬತ್ತು, ಕೆಲಸಕ್ಕೆ ಸೇರಿ ಐದು ವರ್ಷವಾಗಿತ್ತು. ಜನರ ಬಾಯಲ್ಲಿ ಮಾತ್ರ ನಾನು ಕಾಂಪೌಂಡರ್ ಬಾಯಿ. ಔಷಧ ವಿಜ್ಞಾನದಲ್ಲಿ ಪದವಿ ಪಡೆದವಳಿಗೆ ಆ ಹೆಸರು ಕಿವಿಗೆ ಬಿದ್ದರೆ ಮೈ ಉರಿಯುತ್ತಿತ್ತು. ಡಾಕ್ಟರುಗಳಿಗೋ, ನಾನು ಔಷಧದ ಕಿಟಕಿಯಾಚೆಗೆ ಚಾಚಿದ ಒಂದು ಕೈ, ಅಷ್ಟೆ. ಚೀಟಿ ಓದಬೇಕು, ಔಷಧ ಕೊಡಬೇಕು, ಬಾಯಿ ಮುಚ್ಚಿಕೊಂಡಿರಬೇಕು. ಮೂರನೆಯದು ನನ್ನಿಂದ ಆಗುವಂಥದ್ದಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ವರ್ಷದ ಆಗಸ್ಟ್‌ನಲ್ಲಿ ಹುಸೇನಸಾಬರು ಮೊದಲ ಸಲ ನನ್ನ ಕಿಟಕಿಗೆ ಬಂದರು. ವಿಜಾಪುರ ಜಿಲ್ಲೆಯ ಇಂಡಿ ಕಡೆಯವರು, ಐವತ್ತೆರಡು ವರ್ಷ. ಹತ್ತಿ ಹಿಂಜುವುದು, ಗಾದಿ ಹೊಲಿಯುವುದು ಅವರ ಕಸುಬು. ಹೆಗಲ ಮೇಲೆ ಆಳೆತ್ತರದ ಕಮಾನು ಹೊತ್ತು, ಅದರ ತಂತಿಯನ್ನು ಟಂಯ್ ಎನ್ನಿಸುತ್ತ ಸಾಲುಮನೆಗಳ ಚಾಳಿನಿಂದ ಚಾಳಿಗೆ ತಿರುಗುತ್ತಿದ್ದರು. ಮನೆ ಭಾಂಡುಪ್‌ನ ಗುಡ್ಡದ ಮೇಲೆ. ರಸ್ತೆಯಿಂದ ಮನೆಗೆ ನೂರಾ ಹದಿನೆಂಟು ಮೆಟ್ಟಿಲು. ಅರ್ಧ ಹತ್ತುವಷ್ಟರಲ್ಲಿ ಎದೆ ಹಿಡಿದುಕೊಂಡು ನಿಲ್ಲುವಂತಾದಾಗ ಹೆಂಡತಿ ರಾಜಮಾ ಅವರನ್ನು ಆಸ್ಪತ್ರೆಗೆ ಎಳೆದು ತಂದಿದ್ದರು.

ನಮ್ಮ ಹೃದಯ ವಿಭಾಗದ ಮುಖ್ಯಸ್ಥರು ಡಾಕ್ಟರ್ ಲೇಲೆ. ಕೈಗುಣ ಒಳ್ಳೆಯದು, ನಾಲಿಗೆ ಖಾರ. ಇ.ಸಿ.ಜಿ. ತೆಗೆಸಿ, ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಕಟ್ಟಿಕೊಂಡಿವೆ, ಇದು ಆಂಜೈನಾ ಎಂದು ಹೇಳಿದರು. ಈಗಿನಂತೆ ಕೈಯ ರಕ್ತನಾಳದಲ್ಲಿ ತಂತಿ ತೂರಿಸಿ ಸ್ಟೆಂಟ್ ಕೂರಿಸುವ ವಿದ್ಯೆ ಆಗ ಇರಲಿಲ್ಲ. ಬೈಪಾಸ್ ಎಂಬ ಮಾತು ಇನ್ನೂ ಹೊಸದು. ಅದನ್ನು ಮಾಡುವ ದೊಡ್ಡ ಆಸ್ಪತ್ರೆಗೆ ಹೋಗುವವರು ಮರಳುವ ಖಾತ್ರಿಯಿಲ್ಲದೆ ಮನೆಯವರಿಗೆಲ್ಲ ಹೇಳಿ ಕೇಳಿ ಹೋಗುತ್ತಿದ್ದರು. ಉಳಿದವರಿಗೆ ಔಷಧ, ಪಥ್ಯ, ನಡಿಗೆ. ಹುಸೇನಸಾಬರಿಗೂ ಅದೇ ಆಯಿತು. ಬೀಡಿ ಬಿಡಬೇಕು, ಎಣ್ಣೆ ಕಡಿಮೆ ಮಾಡಬೇಕು, ದಿನವೂ ಸಮತಟ್ಟಾದ ರಸ್ತೆಯಲ್ಲಿ ಅಳತೆಯಂತೆ ನಡೆಯಬೇಕು. ಎದೆಬಡಿತ ತಗ್ಗಿಸಲು ಒಂದು ಮಾತ್ರೆ. ಜತೆಗೆ ಗ್ಲಿಸರಿಲ್ ಟ್ರೈನೈಟ್ರೇಟ್. ಜೋಳದ ಕಾಳಿಗಿಂತ ಸಣ್ಣ ಗುಳಿಗೆ. ನೋವು ಬಂದಾಗ, ಅಥವಾ ಮೆಟ್ಟಿಲು ಹತ್ತುವ ಮುನ್ನ, ನಾಲಿಗೆಯ ಕೆಳಗೆ ಇಟ್ಟುಕೊಂಡರೆ ಎರಡು ನಿಮಿಷದಲ್ಲಿ ರಕ್ತನಾಳಗಳನ್ನು ಸಡಿಲಿಸುತ್ತದೆ.

ಕಂದು ಗಾಜಿನ ಬಾಟಲಿಯ ಬಿರಡೆ ತೆಗೆದು, ಮೇಲಿದ್ದ ಹತ್ತಿಯ ಉಂಡೆಯನ್ನು ಕಿತ್ತು ಬುಟ್ಟಿಗೆ ಎಸೆದು, ಮತ್ತೆ ಬಿಗಿಯಾಗಿ ಮುಚ್ಚಿ ಅವರ ಕೈಗೆ ಕೊಟ್ಟೆ. ಹೇಗೆ ತೆಗೆದುಕೊಳ್ಳಬೇಕು ಎಂದು ಕನ್ನಡದಲ್ಲಿ ಹೇಳಿದೆ. ಕನ್ನಡ ಕೇಳಿ ಮನುಷ್ಯನ ಮುಖ ಅರಳಿತು. ಎಂಟು ದಿನದ ಮೇಲೆ ಬಂದು ದೂರು ಹೇಳಿದರು: “ಬಾಯಾರ, ನಾಲಿಗಿ ಚುರ್ ಅಂತೈತ್ರಿ. ತಲಿ ಧಿಮಿಧಿಮಿ ಸಿಡೀತೈತಿ.” ಔಷಧ ಕೆಲಸ ಮಾಡುತ್ತಿರುವ ಗುರುತೇ ಅದು ಎಂದು ಸಮಾಧಾನ ಮಾಡಿದೆ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ನಡುವೆ ಒಂದೇ ಕಡೆ ನಿಂತು ಸುಧಾರಿಸಿಕೊಂಡು ನೂರಾ ಹದಿನೆಂಟೂ ಮೆಟ್ಟಿಲು ಹತ್ತುತ್ತಿದ್ದರು.

ದೀಪಾವಳಿಯ ಹಿಂದುಮುಂದು ಅವರಿಗೆ ಕೆಲಸವೋ ಕೆಲಸ. ಆಗಲೇ ಎಲ್ಲ ತಿರುಗುಮುರುಗಾಯಿತು. ಡಿಸೆಂಬರ್‌ನಲ್ಲಿ ಐದು ಕಡೆ ನಿಲ್ಲುತ್ತಿದ್ದರು. ಡಾಕ್ಟರ್ ಲೇಲೆ ಎದೆಬಡಿತದ ಮಾತ್ರೆಯ ಪ್ರಮಾಣ ಹೆಚ್ಚಿಸಿದರು, ನಾಲಿಗೆಯ ಕೆಳಗೆ ಒಂದರ ಬದಲು ಎರಡು ಇಟ್ಟುಕೊಳ್ಳಲು ಹೇಳಿದರು. ಏನೂ ಪ್ರಯೋಜನವಾಗಲಿಲ್ಲ. ಹೊಸ ವರ್ಷದ ಜನವರಿಯಲ್ಲಿ ಕೇಸ್ ಪೇಪರಿನ ಮೇಲೆ ಬರೆದೇಬಿಟ್ಟರು: ಔಷಧಕ್ಕೆ ಬಗ್ಗುತ್ತಿಲ್ಲ, ಶಸ್ತ್ರಚಿಕಿತ್ಸೆಗೆ ಕಳುಹಿಸಲಾಗಿದೆ.

ಆ ಕಾಗದ ಹಿಡಿದು ಹುಸೇನಸಾಬರು ನನ್ನ ಕಿಟಕಿಗೆ ಬಂದರು. ಪಕ್ಕದಲ್ಲಿ ರಾಜಮಾ, ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

“ಬಾಯಾರ, ಎದಿ ಸೀಳ್ತಾರಂತ್ರಿ. ಸೀಳಿದ ಮ್ಯಾಲ ಈ ಕೈ ಕಮಾನ ಎತ್ತತೈತೇನ್ರಿ? ಅದಕ್ಕಿಂತ ಗಾಂವ್‌ಗೆ ಹೋಗಿ ಸುಮ್ಮ ಬೀಳತೀನಿ. ನಿಮಗೊಂದ ಮಾತು ಹೇಳಿ ಹೋಗಬೇಕಂತ ಬಂದೆ.”

ಊರಿಗೆ ಹೋಗಿ ಬೀಳುವುದೆಂದರೆ ಏನೆಂದು ನನಗೂ ಗೊತ್ತಿತ್ತು, ರಾಜಮಾ ಅವರಿಗೂ ಗೊತ್ತಿತ್ತು. ಮಾತಿಗೆ ಮಾತೆಂಬಂತೆ ತಲೆನೋವು ಹೇಗಿದೆ ಎಂದು ಕೇಳಿದೆ.

“ಅದೊಂದ ಛಲೋ ಆತ್ ನೋಡ್ರಿ. ತಲಿನೋವು ಬಿಲ್ಕುಲ್ ಇಲ್ಲ. ಗುಳಿಗಿ ಮೈಗೆ ಹೊಂದಿಕೊಂಡೈತಿ. ನಾಲಿಗಿ ಮ್ಯಾಲ ಸಕ್ಕರಿ ಇಟ್ಟಂಗ.”

ತಲೆನೋವು ಕಾಲಕ್ರಮದಲ್ಲಿ ಕಡಿಮೆಯಾಗುವುದುಂಟು. ಆದರೆ ನಾಲಿಗೆಯ ಚುರುಕೂ ಹೋಗಿ, ಎದೆನೋವೂ ಇಳಿಯದೆ, ಎರಡೆರಡು ಗುಳಿಗೆಗೂ ತಲೆ ಸಿಡಿಯದೆ ಇರುವುದೆಂದರೆ?

“ಸಾಬ್ರ, ಗುಳಿಗಿ ನಿಮ್ಮ ಕಡೆ ಅದಾವೇನು? ತೋರಸ್ರಿ.”

ಸೊಂಟದ ಚೀಲದಿಂದ ಬಾಟಲಿ ಹೊರಬರಲಿಲ್ಲ. ತಗಡಿನ ಒಂದು ಪುಟ್ಟ ಡಬ್ಬಿ ಬಂತು. ಮುಚ್ಚಳ ತೆರೆದರು. ಒಳಗೆ ಹಾಲಿನ ನೊರೆಯಂಥ ಹತ್ತಿ. ಅದರಲ್ಲಿ ಒಂದೊಂದು ಗುಳಿಗೆಗೂ ಒಂದೊಂದು ಗೂಡು. ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ನೋಡಿದವರು ಭೇಷ್ ಅನ್ನಬೇಕು. ಹುಸೇನಸಾಬರೂ ಅದನ್ನೇ ನಿರೀಕ್ಷಿಸುತ್ತಿದ್ದರು.

“ಬಾಟ್ಲ್ಯಾಗ ಖಡಖಡ ಅಂದು ಪುಡಿ ಆಗತಿದ್ವು ಬಾಯಾರ. ದೀಪಾವಳಿ ಟೈಮಿಗೆ ಇದರಾಗ ಇಟ್ಟೆ. ಗಾದಿಗೆ ತುಂಬೂ ಹತ್ತಿ ಅಲ್ಲ, ಮೂರು ಸಲ ಹಿಂಜಿದ್ದು. ಕೂಸಿನ ತಲಿದಿಂಬಿಗೆ ಹಾಕತೀವಲ್ಲ, ಅದು.”

“ಹತ್ತಿ ಯಾಕ್ ಹಾಕಿದ್ರಿ?” ನನ್ನ ಧ್ವನಿ ಏರಿತ್ತು.

“ನೀವ ತೋರಿಸಿದ್ರಲ್ರಿ! ಪ್ರತಿ ಸಲ ಬಾಟ್ಲಿ ಕೊಡೂಮುಂದ ಹಳೇ ಹತ್ತಿ ಕಿತ್ತ ಒಗೀತಿದ್ರಿ. ಗಿರಣಿ ಹತ್ತಿ ಹೊಲಸು, ಅದಕ್ಕ ಒಗೀತಾರ, ಛಲೋದು ಹಾಕಬೇಕು ಅಂತ ತಿಳಕೊಂಡೆ.”

ಈ ಔಷಧ ಆವಿಯಾಗುವ ಗುಣದ್ದು. ಗುಳಿಗೆ ನೋಡಲು ಹಾಗೇ ಇರುತ್ತದೆ, ಒಳಗಿನ ಸತ್ವ ಹಾರಿಹೋಗುತ್ತದೆ. ಹತ್ತಿ ಪಕ್ಕದಲ್ಲಿದ್ದರಂತೂ ಹೀರಿಕೊಂಡೇಬಿಡುತ್ತದೆ. ಬಾಟಲಿಯ ಹತ್ತಿ ತೆಗೆದು ಎಸೆಯಿರಿ, ಗುಳಿಗೆಗಳನ್ನು ಬೇರೆ ಡಬ್ಬಿಗೆ ಹಾಕಬೇಡಿ ಎಂದು ಜತೆಗಿದ್ದ ಇಂಗ್ಲಿಷ್ ಚೀಟಿಯಲ್ಲಿ ಬರೆದಿತ್ತು. ನಾನು ಓದಿದ್ದೆ, ಪಾಲಿಸಿದ್ದೆ, ಯಾಕೆಂದು ಬಾಯಿಬಿಟ್ಟು ಹೇಳಿರಲಿಲ್ಲ. ಕಸುಬು ಬಲ್ಲ ಮನುಷ್ಯ ತನ್ನ ಕಸುಬಿನ ಬುದ್ಧಿಯಿಂದಲೇ ನನ್ನ ಮೌನಕ್ಕೆ ಅರ್ಥ ಕಟ್ಟಿಕೊಂಡಿದ್ದರು. ಆಪರೇಷನ್ ಎಂದು ಬರೆದ ಡಾಕ್ಟರರ ಮೇಲೆ ಬಂದಿದ್ದ ಸಿಟ್ಟು ನನ್ನ ಮೇಲೇ ತಿರುಗಿತು.

ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ, ತಗಡಿನ ಡಬ್ಬಿಯನ್ನೂ ಸೀಲ್ ಒಡೆಯದ ಒಂದು ಬಾಟಲಿಯನ್ನೂ ಹಿಡಿದು ನೇರವಾಗಿ ಡಾಕ್ಟರ್ ಲೇಲೆಯವರ ಕೋಣೆಗೆ ನುಗ್ಗಿದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, ಮರಾಠಿಯಲ್ಲಿ, “ಮಿಸ್ ಹಿರೇಮಠ್, ನೀವು ಔಷಧ ಕೊಡಿ. ಯಾರಿಗೆ ಆಪರೇಷನ್ ಬೇಕು ಅನ್ನೋದನ್ನ ನನಗೆ ಬಿಡಿ,” ಎಂದರು.

ನಾನು ಆಗ ಮಾಡಿದ್ದನ್ನು ಯಾರೂ ಮಾಡಬಾರದು. ಡಬ್ಬಿಯ ಗುಳಿಗೆ ಒಂದನ್ನು ತೆಗೆದು ನನ್ನ ನಾಲಿಗೆಯ ಕೆಳಗೇ ಇಟ್ಟುಕೊಂಡೆ. ಡಾಕ್ಟರರು ಕುರ್ಚಿಯಿಂದ ಎದ್ದುಬಿಟ್ಟರು. ನಾನು ಕೈ ಚಾಚಿ, ನಾಡಿ ನೋಡಿ ಎಂದೆ. ಎಪ್ಪತ್ತೆಂಟು. ಐದು ನಿಮಿಷ ಕಳೆದರೂ ಎಪ್ಪತ್ತೆಂಟೇ. ಸಕ್ಕರೆ ಚೀಪಿದಂತಾಯಿತು, ಅಷ್ಟೆ. ಬಾಯಿ ಮುಕ್ಕಳಿಸಿ ಬಂದು, ಹೊಸ ಬಾಟಲಿಯ ಸೀಲ್ ಒಡೆದು ಅದರಿಂದೊಂದು ಇಟ್ಟುಕೊಂಡೆ. ನಾಲಿಗೆ ಚುರ್ರೆಂದಿತು. ಎರಡನೆಯ ನಿಮಿಷಕ್ಕೆ ಮುಖ ಬಿಸಿಯಾಗಿ, ಹಣೆಯಲ್ಲಿ ಸುತ್ತಿಗೆ ಬಡಿಯತೊಡಗಿತು. ನಿಲ್ಲಲಾಗದೆ ರೋಗಿಯ ಸ್ಟೂಲಿನ ಮೇಲೆ ಕುಸಿದೆ. ನಾಡಿ ನೂರಾ ಆರು.

ಲೇಲೆಯವರು ನನ್ನನ್ನು ಮಂಚದ ಮೇಲೆ ಮಲಗಿಸಿ, ಬಿ.ಪಿ. ನೋಡಿ, ಚೆನ್ನಾಗಿ ಬೈದರು. ಬೈದು ಮುಗಿದ ಮೇಲೆ ಡಬ್ಬಿಯನ್ನು ಎತ್ತಿಕೊಂಡು ಹತ್ತಿಯನ್ನು ಬೆರಳಿನಿಂದ ಸವರಿದರು. “ಎರಡು ವಾರ,” ಎಂದರು. “ಹೊಸ ಗುಳಿಗೆ, ಅದರದೇ ಬಾಟಲಿಯಲ್ಲಿ. ಪ್ರತಿ ಮೂರನೇ ದಿನ ನನಗೆ ತೋರಿಸಬೇಕು. ಆಗಲೂ ಮನೆ ಮೆಟ್ಟಿಲು ಹತ್ತಲಿಕ್ಕಾಗದಿದ್ದರೆ ನಾನು ಕಳಿಸೋದೇ. ಆಗ ನೀವು ಅಡ್ಡ ಬರಬಾರದು.”

ಹುಸೇನಸಾಬರಿಗೆ ಕೂರಿಸಿ ಹೇಳಿದೆ, ಈ ಸಲ ಕಾರಣ ಸಮೇತ. ಅವರು, “ನನ್ನ ಹತ್ತೀನ ನನ್ನ ದವಾ ಕುಡೀತೇನ್ರಿ?” ಎಂದರು. ಪಾಪ, ನೋವಾಗಿತ್ತು. ಬಾಟಲಿ ಕೆಲಸದಲ್ಲಿ ಒಡೆಯುತ್ತದಲ್ಲ ಎಂದು ಕೇಳಿದರು. ಉತ್ತರ ಅವರೇ ಕಂಡುಕೊಂಡರು. ಮೂರನೇ ದಿನ ಬಂದಾಗ ಬಾಟಲಿಗೆ ಹೊರಗಿನಿಂದ ಒಂದು ಪುಟ್ಟ ಗಾದಿ ಹೊಲಿದು ತೊಡಿಸಿದ್ದರು. ಹತ್ತಿ ಗಾಜಿನ ಹೊರಗೆ, ಗುಳಿಗೆ ಗಾಜಿನ ಒಳಗೆ. ಕಲ್ಲಿನ ಮೇಲೆ ಬಿದ್ದರೂ ಒಡೆಯುವುದಿಲ್ಲ ಎಂದು ನನ್ನ ಕಣ್ಣೆದುರಿಗೇ ನೆಲಕ್ಕೆ ಬೀಳಿಸಿ ತೋರಿಸಿದರು. ಒಡೆಯಲಿಲ್ಲ. ಮತ್ತೆ ತಲೆ ಸಿಡಿಯುತ್ತಿದೆ ಎಂದು ರಾಜಮಾ ಸಂತೋಷದಿಂದ ಹೇಳಿದರು. ಗಂಡನಿಗೆ ತಲೆನೋವು ಬಂತೆಂದು ಹಿಗ್ಗಿದ ಹೆಂಡತಿಯನ್ನು ನಾನು ಅದೊಂದೇ ಸಲ ನೋಡಿದ್ದು.

ಹದಿನೈದನೇ ದಿನ ಭಾನುವಾರ. ಬೇರೆಯವರ ಮಾತು ಲೇಲೆಯವರ ಬಳಿ ನಡೆಯದು ಎಂದು ನಾನೇ ಗೋರೆಗಾಂವ್‌ನ ಮನೆಯಿಂದ ಹೊರಟು, ದಾದರ್‌ನಲ್ಲಿ ಲೋಕಲ್ ಬದಲಿಸಿ ಭಾಂಡುಪ್‌ಗೆ ಹೋದೆ. ಹುಸೇನಸಾಬರು ಗುಡ್ಡದ ಬುಡದಲ್ಲಿ ಕಾಯುತ್ತಿದ್ದರು. ಗುಳಿಗೆ ಇಟ್ಟುಕೊಂಡು ಗಡಿಯಾರ ನೋಡಿ ಎರಡು ನಿಮಿಷ ನಿಂತರು. “ನಡೀರಿ ಬಾಯಾರ” ಎಂದು ಮುಂದೆ ಹೊರಟರು. ನಾನು ಎಣಿಸುತ್ತ ಹಿಂದೆ ನಡೆದೆ. ಎಪ್ಪತ್ತರವರೆಗೆ ಎಣಿಸಿದ ನೆನಪು. ಆಮೇಲೆ ನನಗೇ ಉಸಿರು ಸಾಲಲಿಲ್ಲ.

ಸೋಮವಾರ ಬೆಳಿಗ್ಗೆ ಲೇಲೆಯವರು ಕೇಸ್ ಪೇಪರ್ ಮುಂದಿಟ್ಟುಕೊಂಡು ಕೇಳಿದರು: “ಹತ್ತಿದರಾ?”

“ಪೂರ್ತಿ ಹತ್ತಿದರು.”

“ಎಲ್ಲೂ ನಿಲ್ಲಲಿಲ್ಲವೇ? ನಿಜ ಹೇಳಿ.”

“ಎರಡು ಕಡೆ ನಿಂತರು ಸರ್. ನನಗೋಸ್ಕರ.”

ಅವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ. ತಮ್ಮ ಹಳೆಯ ಸಾಲನ್ನು ಹೊಡೆದುಹಾಕಿ, ಕೆಳಗೆ ‘ಫಾರ್ಮಸಿಸ್ಟ್ ಗಮನಕ್ಕೆ ತಂದಂತೆ’ ಎಂದು ಶುರುಮಾಡಿ ಹೊಸ ಸಾಲು ಬರೆದರು. ಮುಂದಿನ ಮಂಗಳವಾರದಿಂದ ಅವರ ಕ್ಲಿನಿಕ್‌ನಲ್ಲಿ ನನಗೊಂದು ಕುರ್ಚಿ ಹಾಕಿಸಿದರು. ನಿವೃತ್ತಿಯವರೆಗೆ ಬಂದ ಯಾವ ಬಡ್ತಿಯೂ ಆ ಕುರ್ಚಿಗೆ ಸಮನಲ್ಲ.

ತಪ್ಪು ತಿಳಿಯಬಾರದು. ಆ ಗುಳಿಗೆ ಕಟ್ಟಿದ ನಾಳವನ್ನು ಬಿಡಿಸುವುದಿಲ್ಲ, ಹೃದಯದ ಹೊರೆ ಇಳಿಸುತ್ತದೆ, ಅಷ್ಟೆ. ಆಪರೇಷನ್ನೇ ಬೇಕಾದವರನ್ನು ಲೇಲೆಯವರು ಕಳುಹಿಸಿದರು. ಬದುಕಿ ಬಂದವರನ್ನು ನಾನೂ ಕಂಡಿದ್ದೇನೆ. ಆದರೆ ಹುಸೇನಸಾಬರ ಎದೆಗೆ ಕತ್ತಿ ಬೇಕಿರಲಿಲ್ಲ, ಒಂದು ಮಾತು ಬೇಕಿತ್ತು. ಆ ಮಾತು ನನ್ನ ಬಾಯಲ್ಲಿತ್ತು, ನಾನು ಆಡಿರಲಿಲ್ಲ. ಅವರು ಇನ್ನೂ ಹನ್ನೊಂದು ವರ್ಷ ಕಮಾನು ಹೊತ್ತು ತಿರುಗಿದರು.

ಅಂದಿನಿಂದ, ಇದನ್ನು ಮನೆಯಲ್ಲಿ ಎಲ್ಲಿ, ಹೇಗೆ ಇಡುತ್ತೀರಿ ಎಂದು ಕೇಳದೆ ಒಂದು ಬಾಟಲಿಯನ್ನೂ ನಾನು ಕಿಟಕಿಯಾಚೆ ಬಿಟ್ಟವಳಲ್ಲ. ಎಲೆಯಡಿಕೆ ಪೆಟ್ಟಿಗೆ ಎಂದವರಿದ್ದರು, ಒಲೆಯ ಮೇಲಿನ ಗೂಡು ಎಂದವರಿದ್ದರು, ದೇವರ ಫೋಟೋದ ಹಿಂದೆ ಎಂದವರಿದ್ದರು. ಸಾಲು ಉದ್ದವಾಗುತ್ತಿತ್ತು, ಹಿಂದಿದ್ದವರು ಗೊಣಗುತ್ತಿದ್ದರು. ಕಾಂಪೌಂಡರ್ ಬಾಯಿ ಬಹಳ ಮಾತಾಡುತ್ತಾಳೆ ಎನ್ನುತ್ತಿದ್ದರು. ಆಡುತ್ತಿದ್ದೆ. ಸಂಬಳ ಕೊಟ್ಟಿದ್ದೇ ಅದಕ್ಕೆ.